ಬಾಬ್‌ಕ್ಯಾಟ್‌ನಲ್ಲಿ ಭಾರದ ದಿಮ್ಮಿ ಸಾಗಿಸುವುದು: ಅಳತೆ ಟೇಪಿನಿಂದ ಟ್ರೇಲರ್‌ವರೆಗೆ

ಅಡ್ಡಮಳೆಯ ಗಾಳಿಗೆ ಬಿದ್ದ ಮಳೆಮರ ಇರಲಿ, ಮನೆ ಕಟ್ಟಲು ತೆಗೆಸುವ ಹುಣಸೆ ಇರಲಿ, ಟೊಂಗೆ ಸವರಿ ಬೊಡ್ಡೆ ಕೊಯ್ಯುವುದು ಚೈನ್ ಸಾ ಬಂದ ಮೇಲೆ ಹಗುರಾಗಿದೆ. ಕೊಯ್ದ ದಿಮ್ಮಿಯನ್ನು ಹಿತ್ತಲಿನಿಂದ ರಸ್ತೆಗೆ ತರುವುದು, ಅಲ್ಲಿಂದ ಟ್ರೇಲರ್‌ಗೆ ಏರಿಸುವುದು ಮಾತ್ರ ಇವತ್ತಿಗೂ ಹಮಾಲರ ಹಾರೆ, ಹಗ್ಗ, ಬೆನ್ನಿನ ಮೇಲೆಯೇ ನಡೆಯುತ್ತಿದೆ. ಬೆರಳು ಜಜ್ಜುವುದು, ಕಾಲ ಮೇಲೆ ದಿಮ್ಮಿ ಹೊರಳುವುದು ಹೆಚ್ಚಾಗಿ ಈ ಹಂತದಲ್ಲೇ. ದೊಡ್ಡ ಜೆಸಿಬಿ ಓಣಿಯೊಳಗೆ ತಿರುಗುವುದಿಲ್ಲ. ಚಿಕ್ಕ ಲೋಡರ್, ಅಂದರೆ ಯಾವ ಕಂಪನಿಯದಾದರೂ ನಮ್ಮ ಕಡೆ ಬಾಬ್‌ಕ್ಯಾಟ್ ಎಂದೇ ಕರೆಯುವ ಸ್ಕಿಡ್ ಸ್ಟಿಯರ್, ಆರಡಿ ಗೇಟಿನಲ್ಲಿ ನುಸುಳಿ ನಿಂತಲ್ಲೇ ಸುತ್ತು ತಿರುಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ಗಟಾರದ ಹೂಳು, ಕಸ, ಗರಸು ಎತ್ತಲು ಬಾಡಿಗೆಗೆ ಸಿಗುವ ಯಂತ್ರವೇ ಇದು.

ಆದರೆ ಗರಸು ಎತ್ತುವ ಯಂತ್ರಕ್ಕೂ ದಿಮ್ಮಿ ಎತ್ತುವ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬಕೆಟ್ ತುಂಬಿದ ಮೇಲೆ ಗರಸು ತಾನಾಗಿಯೇ ಚೆಲ್ಲಿಹೋಗುತ್ತದೆ, ಅತಿಭಾರ ಹೇರುವುದು ಅಷ್ಟು ಸುಲಭವಲ್ಲ. ದಿಮ್ಮಿಗೆ ಆ ಮಿತಿ ಇಲ್ಲ. ಆರಡಿ ದಿಮ್ಮಿ ಎತ್ತಿದ ಡ್ರೈವರ್ ಹತ್ತಡಿಯದಕ್ಕೂ ಕೈ ಹಾಕುತ್ತಾನೆ, ಯಂತ್ರವೂ ನೆಲದಿಂದ ಒಂದು ಗೇಣು ಎತ್ತಿ ತೋರಿಸುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಆದ್ದರಿಂದ ತೂಕ ಗೊತ್ತಾಗಬೇಕಾದದ್ದು ಎತ್ತುವಾಗ ಅಲ್ಲ, ಕೊಯ್ಯುವ ಮೊದಲು. ದಿಮ್ಮಿಯ ಉದ್ದವನ್ನು ಯಂತ್ರದ ಶಕ್ತಿ ನೋಡಿ ನಿರ್ಧರಿಸಬೇಕು.

ಯಂತ್ರ ಕರೆಸುವ ಮೊದಲು ಕಾಗದದ ಕೆಲಸ ಮುಗಿಸಿಕೊಳ್ಳಿ. ಮರ ತೆಗೆಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು, ದಿಮ್ಮಿ ಸಾಗಿಸಲು ಅರಣ್ಯ ಇಲಾಖೆಯ ಪಾಸು ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಉಂಟು, ನಿಮ್ಮ ಮರ ಅದರಲ್ಲಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲೇ ಕೇಳಿಕೊಳ್ಳಿ. ಮರದ ಹತ್ತಿರ ಕರೆಂಟಿನ ತಂತಿ ಇದ್ದರೆ ಹೆಸ್ಕಾಂನ ಸೆಕ್ಷನ್ ಕಚೇರಿಯಿಂದ ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದ ಖಾತ್ರಿ, ತೆಗೆದುಕೊಳ್ಳದೆ ಕೆಲಸ ಹಚ್ಚಬೇಡಿ. ತಂತಿ ಹರಿದು ಬಿದ್ದಿದ್ದರೆ ಮೊದಲು ಹೆಸ್ಕಾಂನ 1912ಕ್ಕೆ ಫೋನ್, ಆಮೇಲೆ ಮಿಕ್ಕಿದ್ದು.

ತೂಕದ ಲೆಕ್ಕ

ಒಂದು ಟೇಪು ಸಾಕು. ತುಂಡಿನ ನಟ್ಟನಡುವೆ ಸುತ್ತಳತೆ ಹಿಡಿಯಿರಿ, ಅಡಿಯಲ್ಲಿ. ಅದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, ಬಂದದ್ದನ್ನು ಎರಡೂಕಾಲರಿಂದ ಗುಣಿಸಿ. ಹಸಿ ದಿಮ್ಮಿಯ ತೂಕ ಕಿಲೋದಲ್ಲಿ ಬರುತ್ತದೆ. ಹಸಿ ಮರ ಘನ ಮೀಟರಿಗೆ ಸಾವಿರ ಕಿಲೋ ಎಂದು ಹಿಡಿದ ಲೆಕ್ಕ ಇದು. ಬೇವು, ಮಳೆಮರ, ಗುಲ್‌ಮೊಹರ್, ಸಾಗವಾನಿಗೆ ಇದು ನಡೆಯುತ್ತದೆ. ಹುಣಸೆ, ಜಾಲಿ, ಆಗತಾನೆ ಕಡಿದ ನೀಲಗಿರಿಗೆ ಎರಡೂಕಾಲರ ಬದಲು 2.7 ಹಾಕಿ. ಅವು ನೀರಿಗಿಂತ ಭಾರ ಎಂದೇ ಹಿಡಿದುಕೊಳ್ಳುವುದು ಕ್ಷೇಮ.

ಒಂದು ಉದಾಹರಣೆ ನೋಡಿ. ಆರಡಿ ಸುತ್ತಳತೆಯ, ಆರಡಿ ಉದ್ದದ ಬೇವಿನ ದಿಮ್ಮಿ: ಆರು ಆರಲೆ ಮೂವತ್ತಾರು, ಅದನ್ನು ಆರರಿಂದ ಗುಣಿಸಿದರೆ 216, ಎರಡೂಕಾಲರಿಂದ ಗುಣಿಸಿದರೆ 486 ಕಿಲೋ. ಅದೇ ಅಳತೆಯ ಹುಣಸೆ 583 ಕಿಲೋ ಆಗುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಕ್ವಿಂಟಲ್ ವ್ಯತ್ಯಾಸ.

ಕಟ್ಟಿಗೆ ಅಡ್ಡೆಯ ಅಳತೆಯಿಂದ ತೂಕ ತೆಗೆಯಲು ಹೋಗಬೇಡಿ. ಅಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ ಘನ ಅಡಿ ಹೇಳುತ್ತಾರೆ. ಮಾರಾಟಕ್ಕೆ ಆ ಪದ್ಧತಿ ಸರಿ, ಕೊಯ್ಯುವಾಗ ಹೋಗುವ ಬಾಚು, ತೊಗಟೆ, ಹೊಟ್ಟು ಅದರಲ್ಲಿ ಕಳೆದುಹೋಗಿರುತ್ತದೆ. ಆದರೆ ನಿಜವಾದ ಗಾತ್ರದ ನೂರರಲ್ಲಿ ಎಪ್ಪತ್ತೆಂಟೂವರೆ ಭಾಗವಷ್ಟೇ ಅದರಲ್ಲಿ ಸಿಗುತ್ತದೆ. ಮೇಲಿನ ಬೇವಿನ ದಿಮ್ಮಿ ಅಡ್ಡೆಯ ಲೆಕ್ಕದಲ್ಲಿ ಹದಿಮೂರೂವರೆ ಘನ ಅಡಿ, ನಿಜದಲ್ಲಿ ಹದಿನೇಳಕ್ಕೂ ಹೆಚ್ಚು. ಹದಿಮೂರೂವರೆಯಿಂದ ತೂಕ ತೆಗೆದರೆ ನೂರು ಕಿಲೋಗೂ ಮಿಕ್ಕಿ ಕಮ್ಮಿ ಬರುತ್ತದೆ. ಅನುಭವಿಗಳೂ ತೂಕದಲ್ಲಿ ತಪ್ಪುವುದು ಹೆಚ್ಚಾಗಿ ಈ ಕಾರಣಕ್ಕೆ.

ಬೇರಿನ ಹತ್ತಿರದ ಅಗಲವಾದ ತುಂಡನ್ನು ಬೇರೆಯೇ ಅಳೆಯಿರಿ. ಪೊಟ್ಟರೆ ಬಿದ್ದ ಮರವೆಂದು ತೂಕ ಕಳೆಯಬೇಡಿ. ಹಳೆಯ ಹುಣಸೆಯ ಪೊಟ್ಟರೆಯಲ್ಲಿ ಮಳೆಗಾಲದ ನೀರು, ಮಣ್ಣು, ಗೆದ್ದಲು ಗೂಡು ತುಂಬಿರುತ್ತದೆ.

ಈಗ ಯಂತ್ರದ ಕಡೆಯ ಲೆಕ್ಕ. ಕ್ಯಾಬಿನ್ನಿನ ಫಲಕದಲ್ಲೋ ಕೈಪಿಡಿಯಲ್ಲೋ ಎರಡು ಅಂಕಿ ಇರುತ್ತವೆ: ಎಷ್ಟಕ್ಕೆ ಯಂತ್ರ ಮುಂದಕ್ಕೆ ಮುಗ್ಗರಿಸುತ್ತದೆ, ಎಷ್ಟನ್ನು ಹೊತ್ತು ಓಡಾಡಬಹುದು. ಟೈರಿನ ಸ್ಕಿಡ್ ಸ್ಟಿಯರ್‌ನಲ್ಲಿ ಎರಡನೆಯದು ಮೊದಲನೆಯದರ ಸರಿಯಾಗಿ ಅರ್ಧ. ಪಟ್ಟಿ ಚಕ್ರದ (ಟ್ರ್ಯಾಕ್) ಯಂತ್ರದಲ್ಲಿ ನೂರಕ್ಕೆ ಮೂವತ್ತೈದು. ಮಿಕ್ಕ ಅರ್ಧ ಉಳಿಕೆ ಶಕ್ತಿಯಲ್ಲ. ತಗ್ಗಿಗೆ ಚಕ್ರ ಇಳಿದಾಗ, ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ಅದು ಪೂರಾ ಖರ್ಚಾಗುತ್ತದೆ. ಬಾಡಿಗೆಯ ಚಿಕ್ಕ ಯಂತ್ರಗಳು ಸಾಮಾನ್ಯವಾಗಿ 600 ಕಿಲೋ ದರ್ಜೆಯವು. ಆ 600 ಕೂಡ ಸಮತಟ್ಟಾದ ಗಟ್ಟಿ ನೆಲಕ್ಕೆ, ಕಂಪನಿಯ ಬಕೆಟ್ ಇದ್ದಾಗಿನ ಅಂಕಿ. ಬಕೆಟ್ ತೆಗೆದು ಭಾರವಾದ ಗ್ರ್ಯಾಪಲ್ (ದಿಮ್ಮಿ ಕಚ್ಚಿ ಹಿಡಿಯುವ ದವಡೆ) ಹಾಕಿದರೆ ಎರಡರ ತೂಕದ ಅಂತರ 600ರಿಂದ ಕಳೆಯುತ್ತದೆ. ಹಿತ್ತಲು, ಹೊಲ, ರಸ್ತೆ ಬದಿಯ ಉಬ್ಬುತಗ್ಗಿನಲ್ಲಿ 450 ಕಿಲೋ ದಾಟಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

450 ಇಟ್ಟುಕೊಂಡರೆ ಕೊಯ್ಯುವ ಉದ್ದ ಬಾಯಿಲೆಕ್ಕದಲ್ಲೇ ಸಿಗುತ್ತದೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, 200ನ್ನು ಅದರಿಂದ ಭಾಗಿಸಿ. ಬಂದದ್ದು ಆ ದಿಮ್ಮಿಯ ಗರಿಷ್ಠ ಉದ್ದ, ಅಡಿಯಲ್ಲಿ. ಐದಡಿ ಸುತ್ತಳತೆಗೆ ಎಂಟಡಿ, ಆರಡಿಗೆ ಐದೂವರೆ, ಏಳಡಿಗೆ ನಾಲ್ಕು, ಎಂಟಡಿಗೆ ಮೂರು. ಹುಣಸೆ, ಜಾಲಿ, ನೀಲಗಿರಿಗೆ 200ರ ಬದಲು 165 ಹಿಡಿಯಿರಿ: ಐದಡಿಗೆ ಆರೂವರೆ, ಆರಡಿಗೆ ನಾಲ್ಕೂವರೆ. ಇದನ್ನು ಸೀಮೆಸುಣ್ಣದಲ್ಲಿ ಬೊಡ್ಡೆಯ ಮೇಲೆ ಗುರುತು ಹಾಕಿಯೇ ಚೈನ್ ಸಾ ಶುರು ಮಾಡಬೇಕು.

ಸಾ ಮಿಲ್‌ನವರು ಎಂಟಡಿ, ಹತ್ತಡಿಯೇ ಬೇಕೆನ್ನುತ್ತಾರೆ, ಗಿಡ್ಡ ತುಂಡಿಗೆ ದರ ಬೀಳುತ್ತದೆ. ಮರ ಬೆಲೆಬಾಳುವುದಾದರೆ ಉದ್ದ ಕತ್ತರಿಸಿ ಹಾಳು ಮಾಡಬೇಡಿ, ಹೈಡ್ರಾ ಕ್ರೇನ್ ಕರೆಸಿ. ಕ್ರೇನ್ ಬಾಡಿಗೆ ಉಳಿಸಲು ಚಿಕ್ಕ ಲೋಡರ್‌ನಿಂದ 900 ಕಿಲೋ ಎತ್ತಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಒಂದೇ ಸ್ಥಳದಲ್ಲಿ ಎರಡನ್ನೂ ಹೊಂದಿಸಬಹುದು: ಬುಡದ ಎರಡು ದಿಮ್ಮಿಗೆ ಕ್ರೇನ್, ಮೇಲಿನದಕ್ಕೆಲ್ಲ ಲೋಡರ್.

ಮುಂದೆ ಏನು ಕಟ್ಟಬೇಕು

ಬಾಡಿಗೆ ಯಂತ್ರ ಬರುವುದು ಬಕೆಟ್ ಸಮೇತ. ಬಕೆಟ್ ಗಿಡ್ಡ ಬಿಲ್ಲೆಗಳಿಗೆ, ಉರುವಲು ತುಂಡುಗಳಿಗೆ ಸರಿ. ಉದ್ದ ದಿಮ್ಮಿಯನ್ನು ಅಡ್ಡಲಾಗಿ ಬಕೆಟ್ ಬಾಯಿಯಲ್ಲಿ ಇಟ್ಟುಕೊಂಡು ಓಡಿಸುವುದು ಬೇಡ. ಬಕೆಟ್ ಹಲ್ಲಿಗೆ ಸರಪಳಿ ಸುತ್ತಿ ನೇತುಹಾಕುವುದಂತೂ ಬೇಡವೇ ಬೇಡ: ದಿಮ್ಮಿ ಒಮ್ಮೆ ತೂಗಿದರೆ ಸಾಕು, ಸರಪಳಿ ಹಲ್ಲಿನಿಂದ ಜಾರುತ್ತದೆ.

ದಿಮ್ಮಿಗೆ ಮುಂದಕ್ಕೆ ಚಾಚಿದ ಎರಡು ಉಗುರಿನ ಫೋರ್ಕ್ ಒಳ್ಳೆಯದು, ಮೇಲಿನಿಂದ ಅದುಮುವ ದವಡೆ ಇರುವ ಗ್ರ್ಯಾಪಲ್ ಇನ್ನೂ ಒಳ್ಳೆಯದು. ಗ್ರ್ಯಾಪಲ್‌ಗೆ ಯಂತ್ರದಲ್ಲಿ ಹೆಚ್ಚುವರಿ ಹೈಡ್ರಾಲಿಕ್ ಲೈನ್ ಇರಬೇಕು, ಬಾಡಿಗೆ ಮಾತಾಡುವಾಗಲೇ ಕೇಳಿ. ಫೋರ್ಕ್‌ಗಳನ್ನು ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆಯ ಶೆಡ್‌ಗಳಲ್ಲಿ ವೆಲ್ಡ್ ಮಾಡಿಸುವವರಿದ್ದಾರೆ. ಚೌಕಟ್ಟು ಮಾಡಿಸಿದರೆ ಅಡ್ಡಿಯಿಲ್ಲ. ಆದರೆ ಫೋರ್ಕಿನ ಉಗುರು ಮಾತ್ರ ಒಂದೇ ಪಟ್ಟಿ ಕಾಯಿಸಿ ಬಗ್ಗಿಸಿದ್ದಾಗಿರಬೇಕು. ನೆಟ್ಟಗಿನ ಎರಡು ಪಟ್ಟಿ ಜೋಡಿಸಿ ಮೂಲೆಗೆ ವೆಲ್ಡ್ ಹೊಡೆದದ್ದು ಆ ಮೂಲೆಯಲ್ಲೇ ಮುರಿಯುತ್ತದೆ, ಅದೂ ಹೊರೆ ಮೇಲಿದ್ದಾಗ. ಹಳೆಯ ಫೋರ್ಕ್ ಕೊಳ್ಳುವಾಗ ಹಿಮ್ಮಡಿಯ, ಅಂದರೆ ಉಗುರು ಬಗ್ಗಿದ ಮೂಲೆಯ, ದಪ್ಪ ಅಳೆಯಿರಿ. ನೂರಕ್ಕೆ ಹತ್ತರಷ್ಟು ಸವೆದಿದ್ದರೆ ಶಕ್ತಿ ಸುಮಾರು ಇಪ್ಪತ್ತರಷ್ಟು ಹೋಗಿರುತ್ತದೆ, ಅದನ್ನು ತಿರಸ್ಕರಿಸಿ.

ಫೋರ್ಕ್ ಸಿಕ್ಕಿಸಿದ ಮೇಲೆ ಅದನ್ನು ಯಂತ್ರಕ್ಕೆ ಬಿಗಿಯುವ ಎರಡೂ ಲಿವರ್ ಪೂರ್ತಿ ಕೆಳಗೆ ಬಂದಿವೆಯೇ, ಕೆಳಗಿನ ಪಿನ್ನುಗಳು ಚೌಕಟ್ಟಿನ ತೂತು ದಾಟಿ ಹೊರಗೆ ಕಾಣುತ್ತಿವೆಯೇ ಎಂದು ಇಳಿದು ಕಣ್ಣಾರೆ ನೋಡಿ. ಮಣ್ಣು ಕಟ್ಟಿದ್ದರೆ ಪಿನ್ ಅರ್ಧಕ್ಕೆ ನಿಲ್ಲುತ್ತದೆ, ಲಿವರ್ ಮಾತ್ರ ಹಾಕಿದಂತೆಯೇ ಕಾಣುತ್ತದೆ. ಆಮೇಲೆ ಫೋರ್ಕ್ ತುದಿಯನ್ನು ನೆಲಕ್ಕೆ ಒತ್ತಿ ಮುಂದಿನ ಚಕ್ರ ಕೊಂಚ ಎತ್ತಿ ನೋಡಿ. ಕಳಚುವುದಿದ್ದರೆ ಅಲ್ಲೇ ಕಳಚಲಿ.

ಸರಪಳಿ ಬೇಕಾದಲ್ಲಿ ಗ್ರೇಡ್ 80ರ ಲೋಡಿಂಗ್ ಸರಪಳಿಯನ್ನೇ ಬಳಸಿ. 8 ಮಿಲಿಮೀಟರಿನದು ನೇರ ಎಳೆತದಲ್ಲಿ 2 ಟನ್, 10 ಮಿಲಿಮೀಟರಿನದು 3.15 ಟನ್ ತಾಳುತ್ತದೆ. ದಿಮ್ಮಿಗೆ ಕುಣಿಕೆ ಹಾಕಿ ಬಿಗಿದಾಗ ನೂರಕ್ಕೆ ಎಂಬತ್ತರಷ್ಟೇ ಲೆಕ್ಕ ಹಿಡಿಯಬೇಕು. ಪಾಲಿಯೆಸ್ಟರ್ ಪಟ್ಟಾಗಳಲ್ಲಿ ನೇರಳೆ ಬಣ್ಣದ್ದು 1 ಟನ್, ಹಸಿರು 2, ಹಳದಿ 3. ಅಂಚು ಹರಿದ, ಬಿಸಿಲಿಗೆ ಬಿಳಚಿದ ಪಟ್ಟಾ ಎಷ್ಟೇ ದಪ್ಪ ಕಂಡರೂ ಬಳಸಬೇಡಿ.

ನೆಲ ಮತ್ತು ದಾರಿ

ದಿಮ್ಮಿ ಮುಟ್ಟುವ ಮೊದಲು ಇಡೀ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ಮಸಾರಿ, ಗರಸು ನೆಲದಲ್ಲಿ ಚಿಂತೆಯಿಲ್ಲ. ಎರೆ ಭೂಮಿ ಬೇರೆ ಮಾತು. ಮಳೆ ಬಿದ್ದ ಮೇಲೆ ಎರೆ ಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿ ಟೈರನ್ನು ನುಣುಪು ಮಾಡಿಬಿಡುತ್ತದೆ. ಈ ಯಂತ್ರ ತಿರುಗುವುದೇ ಒಂದು ಬದಿಯ ಚಕ್ರ ಉಜ್ಜಿ, ಹೀಗಾಗಿ ಪ್ರತಿ ತಿರುವಿನಲ್ಲೂ ತಾನೇ ಗುಂಡಿ ತೋಡಿಕೊಂಡು ಇಳಿಯುತ್ತದೆ. ನಿಮ್ಮ ಕಾಲಿನ ಹಿಮ್ಮಡಿ ಊರಿ ಪೂರ್ತಿ ಭಾರ ಬಿಟ್ಟಾಗ ಒಂದು ಇಂಚಿಗಿಂತ ಹೆಚ್ಚು ಇಳಿದರೆ ಆ ದಿನ ಹೊರೆ ಹೊರಿಸಬೇಡಿ. ಬೇಸಿಗೆಯಲ್ಲಿ ಇದೇ ನೆಲ ಬಿರಿಯುತ್ತದೆ. ಕೈ ಹೋಗುವಷ್ಟು ಅಗಲದ ಬಿರುಕಿಗೆ ಒಂದು ಚಕ್ರ ಸಿಕ್ಕರೆ ಎತ್ತಿ ಹಿಡಿದ ದಿಮ್ಮಿ ಒಮ್ಮೆಲೇ ಪಕ್ಕಕ್ಕೆ ಜಗ್ಗುತ್ತದೆ. ದಾರಿಯ ಬಿರುಕುಗಳಿಗೆ ಗರಸು ಸುರಿದು ತುಳಿದುಬಿಡಿ.

ಮೆತ್ತನೆಯ ಜಾಗದಲ್ಲಿ ಕಡಿದ ಟೊಂಗೆಗಳನ್ನೇ ದಾರಿಗೆ ಅಡ್ಡಡ್ಡ ಅರ್ಧ ಅಡಿ ದಪ್ಪ ಹಾಸಿದರೆ ಯಂತ್ರ ಮುಳುಗುವುದಿಲ್ಲ. ಮಳೆಮರ, ನೀಲಗಿರಿ, ಬೇವಿನ ಟೊಂಗೆ ಬಳಸಿ. ಜಾಲಿ, ಬಳ್ಳಾರಿ ಜಾಲಿಯ ಒಂದು ಕಡ್ಡಿಯೂ ದಾರಿಯಲ್ಲಿರಬಾರದು. ಹೊರೆ ಹೊತ್ತ ಯಂತ್ರದ ಮುಂದಿನ ಟೈರು ಪಂಕ್ಚರ್ ಆದರೆ ಯಂತ್ರ ಆ ಮೂಲೆಗೇ ವಾಲುತ್ತದೆ. ಜಾಲಿ ಕಡಿಯುವ ಕೆಲಸವೇ ಇದ್ದರೆ ಮುಳ್ಳಿನ ಟೊಂಗೆ ಎಳೆದು ಒಂದೆಡೆ ಹಾಕಿ ದಾರಿ ಗುಡಿಸಿದ ಮೇಲೆಯೇ ಯಂತ್ರ ಒಳಗೆ ಬರಲಿ.

ಊರೊಳಗೆ ಅಪಾಯ ಇರುವುದು ಗಟಾರದ ಚಪ್ಪಡಿ, ಯುಜಿಡಿ (ಒಳಚರಂಡಿ) ಚೇಂಬರ್, ನೆಲದ ಮೇಲ್ಪದರದಲ್ಲೇ ಹಾಯ್ದ ನಲ್ಲಿ ಪೈಪುಗಳಲ್ಲಿ. ಖಾಲಿ ಯಂತ್ರದ ಭಾರ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲಿರುತ್ತದೆ, ಹೊರೆ ಎತ್ತಿದೊಡನೆ ಅದು ಮುಂದಿನ ಎರಡು ಚಕ್ರಕ್ಕೆ ಬರುತ್ತದೆ. ಎರಡು ಟನ್ನಿಗೂ ಮಿಕ್ಕ ಯಂತ್ರ, ಮೇಲೆ ಅರ್ಧ ಟನ್ ಮರ. ಖಾಲಿ ಬರುವಾಗ ತಾಳಿದ ಚಪ್ಪಡಿ ಹೊರೆ ಹೊತ್ತು ಹೋಗುವಾಗ ಮುರಿಯುವುದು ಇದರಿಂದಲೇ. ಸುತ್ತುಬಳಸಿನ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಅಂಗಳದಲ್ಲಿ ಹಳೆಯ ಕನ್ವೇಯರ್ ಬೆಲ್ಟ್ ಇಲ್ಲವೇ ದಪ್ಪ ಪ್ಲೈವುಡ್ ಹಾಸಿ, ನಿಂತಲ್ಲೇ ಸುತ್ತುವುದರ ಬದಲು ಮುಂದೆ ಹಿಂದೆ ಮಾಡಿ ತಿರುಗಿಸಿ.

ಯಂತ್ರಕ್ಕೆ ಒಪ್ಪುವಂತೆ ಕೊಯ್ಯುವುದು

ಟೊಂಗೆ ಟಿಸಿಲೆಲ್ಲ ಮೊದಲು ಹೊರಗೆ ಹೋಗಲಿ. ಬೊಡ್ಡೆಯ ಸುತ್ತ ಯಂತ್ರ ಸುತ್ತಾಡಲು ಜಾಗ ಸಿಗದಿದ್ದರೆ ಮುಂದಿನದೆಲ್ಲ ಬಿಗಡಾಯಿಸುತ್ತದೆ. ದಿಮ್ಮಿ ನೆಲಕ್ಕೆ ಅಂಟಿ ಮಲಗಿದ್ದರೆ ಫೋರ್ಕ್ ಅಡಿಗೆ ಹೋಗುವುದಿಲ್ಲ, ಮಣ್ಣು ತೋಡುತ್ತದೆ. ಆದ್ದರಿಂದ ಮರ ಉರುಳಿಸುವಾಗಲೇ ಬೀಳುವ ಜಾಗದಲ್ಲಿ ನಾಲ್ಕೈದು ಇಂಚು ದಪ್ಪದ ಟೊಂಗೆ ತುಂಡುಗಳನ್ನು ಮೂರ್ನಾಲ್ಕು ಅಡಿಗೊಂದರಂತೆ ಅಡ್ಡ ಇಟ್ಟಿರಿ. ಆಗಲೇ ಬಿದ್ದ ಮರವಾದರೆ ಚೈನ್ ಸಾದಿಂದ ಮೇಲಿನಿಂದ ಮುಕ್ಕಾಲು ಭಾಗ ಕೊಯ್ದು ಬಿಡಿ. ಫೋರ್ಕ್ ತುದಿಯಿಂದ ಬೊಡ್ಡೆಯನ್ನು ಸಾವಕಾಶ ಅರ್ಧ ಸುತ್ತು ಉರುಳಿಸಿ ಮಿಕ್ಕಿದ್ದನ್ನು ಮೇಲಿನಿಂದಲೇ ಮುಗಿಸಿ. ಗರಗಸದ ಚೈನು ಮಣ್ಣಿಗೆ ತಾಗುವುದಿಲ್ಲ, ಒಮ್ಮೆ ಹರಿತ ಮಾಡಿದ್ದು ಬಹಳ ಹೊತ್ತು ಬರುತ್ತದೆ.

ಎರಡೂ ತುದಿಗೆ ಆಸರೆಯಿದ್ದು ನಡುವೆ ತೂಗುವ ಬೊಡ್ಡೆಯಲ್ಲಿ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಗಿದಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ, ಮಿಕ್ಕಿದ್ದು ಕೆಳಗಿನಿಂದ. ಹಾಗಲ್ಲದೆ ಮೇಲಿನಿಂದಲೇ ಇಳಿದರೆ ಗರಗಸ ಕಚ್ಚಿಕೊಳ್ಳುತ್ತದೆ. ಕಚ್ಚಿದ ಗರಗಸ ಬಿಡಿಸಲು ಬೆಣೆ ಬಡಿಯಿರಿ, ಲೋಡರ್‌ನಿಂದ ಬೊಡ್ಡೆ ಎತ್ತಿಸಿ ಅದರಡಿ ಕೈ ಹಾಕಬೇಡಿ. ಲೋಡರ್ ಎತ್ತಿ ಹಿಡಿದ ದಿಮ್ಮಿಯನ್ನು ಇನ್ನೊಬ್ಬ ನಿಂತು ಕೊಯ್ಯುವುದು ಕೆಲವು ಕಡೆ ರೂಢಿಯಲ್ಲಿದೆ. ಅದನ್ನು ನಿಲ್ಲಿಸಲೇಬೇಕು: ತುಂಡು ಕಳಚಿದ ಕ್ಷಣಕ್ಕೆ ಉಳಿದ ಭಾರದ ಸಮತೋಲ ಬದಲಾಗುತ್ತದೆ, ಅದು ಯಾವ ಕಡೆ ಹೊರಳುತ್ತದೆಂದು ಹೇಳಲಾಗದು.

ಎತ್ತುವುದು, ಹೊತ್ತು ನಡೆಯುವುದು

ದಿಮ್ಮಿಯ ಭಾರ ಅದರ ಉದ್ದದ ನಡುವೆ ಇರುವುದಿಲ್ಲ, ಬುಡದ ಕಡೆಗೆ ಸರಿದಿರುತ್ತದೆ. ಎಂಟಡಿ ದಿಮ್ಮಿಯಾದರೆ ನಡುವಿನಿಂದ ಬುಡದ ಕಡೆ ಅರ್ಧ ಅಡಿ ಸರಿದು ಗುರುತು ಹಾಕಿ, ಎರಡು ಫೋರ್ಕುಗಳ ನಡು ಆ ಗುರುತಿಗೆ ಬರುವಂತೆ ಹೋಗಿ. ಫೋರ್ಕುಗಳನ್ನು ಚೌಕಟ್ಟಿನಲ್ಲಿ ಆದಷ್ಟು ಅಗಲಿಸಿ. ದಿಮ್ಮಿ ಫೋರ್ಕಿನ ಹಿಮ್ಮಡಿಗೆ ತಾಗಿಕೊಂಡೇ ಕೂರಬೇಕು. ತುದಿಯಲ್ಲಿ ಕೂತ ಅದೇ ದಿಮ್ಮಿ ಯಂತ್ರವನ್ನು ಮುಂದಕ್ಕೆ ಜಗ್ಗುವುದು ಬಹಳ ಹೆಚ್ಚು. ನಾಲ್ಕು ಇಂಚು ಎತ್ತಿ ನಿಲ್ಲಿಸಿ. ಒಂದು ಬದಿ ವಾಲಿದರೆ ಇಳಿಸಿ, ಗುರುತು ಸರಿಪಡಿಸಿ, ಮತ್ತೆ ಎತ್ತಿ. ಸಮ ಬಂದ ಮೇಲೆ ಫೋರ್ಕ್ ತುದಿಯನ್ನು ಕೊಂಚ ಮೇಲಕ್ಕೆ ವಾಲಿಸಿ, ದಿಮ್ಮಿಯನ್ನು ಚೌಕಟ್ಟಿಗೆ ಪಟ್ಟಾದಿಂದ ಬಿಗಿಯಿರಿ. ತೊಗಟೆ ಸುಲಿದ ನೀಲಗಿರಿಗೆ ಪಟ್ಟಾ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಮುಂಗಾರು ಶುರುವಿನಲ್ಲಿ ರಸ ಏರಿದ ಮರದ ತೊಗಟೆ ಸಡಿಲವಿರುತ್ತದೆ: ಗ್ರ್ಯಾಪಲ್ ಬಿಗಿ ಹಿಡಿದದ್ದು ತೊಗಟೆಯನ್ನಷ್ಟೇ ಆಗಿ, ಒಳಗಿನ ದಿಮ್ಮಿ ಜಾರಿ ಬೀಳುತ್ತದೆ.

ಸಾಗುವಾಗ ದಿಮ್ಮಿ ನೆಲದಿಂದ ಒಂದಡಿಯೊಳಗೆ ಇರಲಿ. ಇಳಿಜಾರಿನಲ್ಲಿ ಒಂದೇ ನಿಯಮ: ಭಾರದ ಕಡೆ ಯಾವಾಗಲೂ ಏರಿನ ಕಡೆಗೆ. ಹೊರೆ ಇದ್ದಾಗ ಏರನ್ನು ಮುಂದಕ್ಕೆ ಏರಿ, ಇಳಿಯುವಾಗ ಹಿಂದಕ್ಕೆ ಇಳಿಯಿರಿ. ಖಾಲಿ ಇದ್ದಾಗ ಇದು ಉಲ್ಟಾ, ಆಗ ಭಾರ ಹಿಂದಿನ ಎಂಜಿನ್ ಕಡೆ ಇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಯಾವ ಹೊತ್ತಿನಲ್ಲೂ ಹೋಗಬೇಡಿ. ಕಲಘಟಗಿ, ಅಳ್ನಾವರ, ಹಾನಗಲ್ ಕಡೆಯ ಏರುಪೇರಿನ ತೋಟಗಳಲ್ಲಿ ಅಡ್ಡ ದಾರಿ ಹತ್ತಿರದ್ದೆಂದು ಕಂಡರೂ ಬಿಟ್ಟುಬಿಡಿ.

ಅಡ್ಡ ಹಿಡಿದ ದಿಮ್ಮಿಯ ತುದಿಗಳು ತಿರುವಿನಲ್ಲಿ ಬೀಸುತ್ತವೆ. ಯಂತ್ರ ತನ್ನ ನಡುವನ್ನೇ ಕೇಂದ್ರ ಮಾಡಿಕೊಂಡು ತಿರುಗುವುದರಿಂದ ಎಂಟಡಿ ದಿಮ್ಮಿಯ ತುದಿ ಆ ಕೇಂದ್ರದಿಂದ ಎಂಟಡಿಗೂ ದೂರದಲ್ಲಿ ಸುತ್ತುತ್ತದೆ. ಯಂತ್ರದಿಂದ ಹದಿನೈದು ಅಡಿಯೊಳಗೆ ಯಾರೂ ಇರಬಾರದು. ಸನ್ನೆ ಮಾಡುವವನು ಒಬ್ಬನೇ ಇರಲಿ, ಡ್ರೈವರ್‌ಗೆ ಕಾಣುವ ಮುಂಬದಿಯ ಮೂಲೆಯಲ್ಲಿ ನಿಲ್ಲಲಿ. ಹತ್ತು ಮಂದಿ ಸೇರಿ ‘ಬಾ ಬಾ, ಇನ್ನೂ ಬಾ’ ಎಂದರೆ ಡ್ರೈವರ್ ಯಾರ ಮಾತು ಕೇಳಬೇಕು? ಓಣಿಯ ಹುಡುಗರು ಯಂತ್ರ ನೋಡಲು ಬಂದೇ ಬರುತ್ತಾರೆ. ಅವರನ್ನು ಕಟ್ಟೆಯ ಮೇಲೆ ನಿಲ್ಲಿಸಲು ಒಬ್ಬ ಹಿರಿಯರಿಗೆ ಹೇಳಿ, ಅದೂ ಕೆಲಸದ ಭಾಗವೇ.

ಎತ್ತಲಾಗದಷ್ಟು ಭಾರದ ದಿಮ್ಮಿಯನ್ನು ಒಂದು ತುದಿ ಎತ್ತಿ ಎಳೆಯಬಹುದು, ಆಗ ಸುಮಾರು ಅರ್ಧ ಭಾರ ಮಾತ್ರ ಯಂತ್ರದ ಮೇಲೆ. ಬುಡದ ತುದಿಗೆ ಸರಪಳಿ ಕುಣಿಕೆ, ಗಿಡ್ಡವಾಗಿ, ಫೋರ್ಕ್ ಚೌಕಟ್ಟಿನ ಕೆಳಗಿನ ಕೊಂಡಿಗೆ. ಯಂತ್ರ ಹಿಂದಕ್ಕೆ ಸರಿಯುತ್ತ ಎಳೆಯಲಿ, ದಿಮ್ಮಿ ಡ್ರೈವರ್ ಕಣ್ಣೆದುರೇ ಬರುತ್ತದೆ. ಕ್ಯಾಬಿನ್ ಕಂಬಿಗೋ ಎತ್ತಿದ ತೋಳಿಗೋ ಸರಪಳಿ ಕಟ್ಟಿ ಎಳೆಯಬಾರದು: ಎಳೆತದ ಜಾಗ ಮೇಲೆ ಹೋದಷ್ಟೂ ಯಂತ್ರ ಮಗುಚುವುದು ಸುಲಭ. ಬೊಡ್ಡೆಯ ಬೇರು ಕೀಳಲು ಈ ಯಂತ್ರ ಬಳಸಬೇಡಿ, ಅದು ದೊಡ್ಡ ಜೆಸಿಬಿಯ ಕೆಲಸ.

ಟ್ರೇಲರ್‌ಗೆ ಏರಿಸುವುದು

ಇಡೀ ಕೆಲಸದಲ್ಲಿ ಅತಿ ಅಪಾಯದ ಹಂತ ಇದು, ಎರಡು ಕಾರಣಕ್ಕೆ.

ಒಂದು, ಚಿಕ್ಕ ಯಂತ್ರಗಳ ತೋಳು ಸಾಮಾನ್ಯವಾಗಿ ಕಮಾನಿನಂತೆ ಏರುತ್ತದೆ. ನೆಲದಲ್ಲಿದ್ದಾಗ ಹೊರೆ ಯಂತ್ರಕ್ಕೆ ಹತ್ತಿರ, ಪೂರ್ತಿ ಮೇಲೇರಿದಾಗಲೂ ಹತ್ತಿರ, ಅರ್ಧ ಎತ್ತರದಲ್ಲಿ ಮಾತ್ರ ಅತಿ ಮುಂದೆ. ಟ್ರ್ಯಾಕ್ಟರ್ ಟ್ರೇಲರ್‌ನ ತಳ ಇರುವುದೂ ಹೆಚ್ಚುಕಮ್ಮಿ ಆ ಎತ್ತರಕ್ಕೇ ಹತ್ತಿರ. ನೆಲದಿಂದ ಸಲೀಸಾಗಿ ಎದ್ದ ದಿಮ್ಮಿ ಟ್ರೇಲರ್ ಮುಂದೆ ಬಂದಾಗ ಹಿಂದಿನ ಚಕ್ರ ಎತ್ತುವುದು ಇದರಿಂದ. ಸನ್ನೆ ಮಾಡುವವನು ಆಗ ದಿಮ್ಮಿಯನ್ನಲ್ಲ, ಹಿಂದಿನ ಟೈರನ್ನು ನೋಡಬೇಕು. ಭಾರ ಇರುವ ಟೈರಿನ ಕೆಳಭಾಗ ನೆಲದ ಹತ್ತಿರ ಉಬ್ಬಿಕೊಂಡಿರುತ್ತದೆ. ಆ ಉಬ್ಬು ಮಾಯವಾಗಿ ಟೈರು ದುಂಡಗಾಯಿತೆಂದರೆ ಹಿಂದಿನ ಭಾರ ಹೋಗಿದೆ ಎಂದರ್ಥ. ಕೂಡಲೇ ಇಳಿಸುವ ಸನ್ನೆ ಕೊಡಿ. ಚಕ್ರ ಎದ್ದೇ ಬಿಟ್ಟರೆ ಡ್ರೈವರ್ ಗಾಬರಿಯಿಂದ ಹಿಂದಕ್ಕೆ ಜಗ್ಗಬಾರದು, ತೋಳನ್ನು ನೆಮ್ಮದಿಯಾಗಿ ಕೆಳಗಿಳಿಸಬೇಕು.

ಎರಡನೆಯದು ಜೀವಕ್ಕೇ ಬರುವಂಥದ್ದು. ತೋಳು ಮೇಲೇರಿದಂತೆ ಫೋರ್ಕ್ ತಾನಾಗಿ ಹಿಂದಕ್ಕೆ, ಅಂದರೆ ಡ್ರೈವರ್ ಕಡೆಗೆ ವಾಲುತ್ತ ಹೋಗುತ್ತದೆ. ತಾನೇ ಸಮ ಮಾಡಿಕೊಳ್ಳುವ ಸೌಲಭ್ಯ ಹಳೆಯ, ಅಗ್ಗದ ಯಂತ್ರಗಳಲ್ಲಿ ಇರುವುದಿಲ್ಲ. ಡ್ರೈವರ್ ಏರಿಸುತ್ತಲೇ ಫೋರ್ಕನ್ನು ಮುಂದಕ್ಕೆ ಬಗ್ಗಿಸುತ್ತ ಸಮ ಇಟ್ಟುಕೊಳ್ಳದಿದ್ದರೆ ದುಂಡು ದಿಮ್ಮಿ ಚೌಕಟ್ಟು ದಾಟಿ ತೋಳುಗಳ ಮೇಲಿಂದ ಸೀದಾ ಕ್ಯಾಬಿನ್ನಿಗೆ ಉರುಳುತ್ತದೆ. ಫೋರ್ಕ್ ಚೌಕಟ್ಟಿನ ಬೆನ್ನು ದಿಮ್ಮಿಯ ದಪ್ಪಕ್ಕಿಂತ ಎತ್ತರ ಇರಲೇಬೇಕು, ಕ್ಯಾಬಿನ್ ಮುಂದೆ ಗಟ್ಟಿ ಜಾಲರಿ ಇರಲೇಬೇಕು. ಇವೆರಡರಲ್ಲಿ ಒಂದಿಲ್ಲದಿದ್ದರೂ ಆ ಯಂತ್ರದಲ್ಲಿ ಸೊಂಟದೆತ್ತರ ದಾಟಿ ದಿಮ್ಮಿ ಎತ್ತಿಸಬೇಡಿ. ಆಗ ಟ್ರೇಲರ್ ಅನ್ನೇ ತಗ್ಗಿನಲ್ಲಿ ನಿಲ್ಲಿಸಿ, ದಿಮ್ಮಿಯನ್ನು ಮೇಲಿನ ನೆಲದಿಂದ ಸರಿಸಿಕೊಳ್ಳುವುದು ದಾರಿ.

ಟ್ರೇಲರ್ ಸಮನೆಲದಲ್ಲಿ, ಟ್ರ್ಯಾಕ್ಟರ್‌ಗೆ ಸಿಕ್ಕಿಸಿಯೇ ಇರಲಿ. ಗೇರ್ ಹಾಕಿ, ಬ್ರೇಕ್ ಹಿಡಿದು, ಚಕ್ರಕ್ಕೆ ಎರಡೂ ಕಡೆ ಕಲ್ಲು. ಲೋಡರ್ ಬರುವ ಬದಿಯ ಫಳಿ ಬಿಚ್ಚಿ, ಎದುರು ಬದಿಯ ಫಳಿಗೆ ಒಳಗಿನಿಂದ ಗೂಟದ ಆಸರೆ ಕೊಡಿ. ಎರಡು ಚಕ್ರದ ಟ್ರೇಲರ್ ಆದರೆ ಮೊದಲ ದಿಮ್ಮಿ ಟ್ರ್ಯಾಕ್ಟರ್ ಕಡೆಗೇ ಹೋಗಬೇಕು. ಹಿಂದೆ ಮೊದಲು ಇಟ್ಟರೆ ಮೂಗು ಎದ್ದು ಟ್ರ್ಯಾಕ್ಟರ್‌ನ ಹಿಂಭಾಗವನ್ನೇ ಹಗುರ ಮಾಡುತ್ತದೆ. ದಪ್ಪದವು ಕೆಳಗೆ, ಬುಡ ಮತ್ತು ತುದಿ ಅದಲುಬದಲು, ಎರಡು ದಿಮ್ಮಿಗಳ ತಗ್ಗಿನಲ್ಲಿ ಮೂರನೆಯದು. ಗೂಟದ ಎತ್ತರ ದಾಟಬೇಡಿ. ದಿಮ್ಮಿ ಕೂರಿಸುವಾಗ ಟ್ರೇಲರ್ ಮೇಲೆ ಯಾರೂ ನಿಂತಿರಬಾರದು, ಸರಿಸುವುದಿದ್ದರೆ ಫೋರ್ಕ್ ಕೆಳಗಿಳಿದ ಮೇಲೆ ಹಾರೆಯಿಂದ. 450 ಕಿಲೋದ ಹತ್ತು ದಿಮ್ಮಿ ಎಂದರೆ ನಾಲ್ಕೂವರೆ ಟನ್, ನಿಮ್ಮ ಟ್ರೇಲರ್ ಎಷ್ಟಕ್ಕೆ ಪಾಸಾಗಿದೆಯೋ ನೋಡಿಕೊಳ್ಳಿ.

ಎತ್ತಿದ ತೋಳಿನ ಕೆಳಗೆ ಯಾರೂ ಹೋಗುವಂತಿಲ್ಲ, ಡ್ರೈವರ್ ಕೂಡ. ರಿಪೇರಿಗೆ ಹೋಗಲೇಬೇಕಾದರೆ ತೋಳಿಗೆ ಆಸರೆ ಕೊಡುವ ಲಾಕ್ ಹಾಕಿಯೇ ಹೋಗಬೇಕು. ಸೀಟ್ ಬೆಲ್ಟ್, ಡ್ರೈವರ್ ತೊಡೆಯ ಮೇಲೆ ಬರುವ ಸೀಟ್ ಬಾರ್ ಎರಡನ್ನೂ ತಂತಿ ಕಟ್ಟಿ ಮೋಸ ಮಾಡಿದ ಯಂತ್ರ ಬಂದರೆ ಅದನ್ನು ವಾಪಸ್ ಕಳಿಸಿ. ಸೀಟ್ ಬಾರ್ ಎತ್ತಿದಾಗ ತೋಳು ನಿಲ್ಲುವುದೇ ಆ ಯಂತ್ರದ ಮುಖ್ಯ ಕಾವಲು.

ಎಲೆ, ಹೊಟ್ಟು, ಬಿಸಿ

ಮರದ ಕೆಲಸದಲ್ಲಿ ಯಂತ್ರ ಕೆಡುವುದು ಭಾರದಿಂದಲ್ಲ, ಕಸದಿಂದ. ಒಣ ಎಲೆ ಮತ್ತು ಗರಗಸದ ಹೊಟ್ಟು ಎರಡು ಕಡೆ ಸೇರುತ್ತವೆ: ರೇಡಿಯೇಟರ್ ಜಾಲರಿಯಲ್ಲಿ, ಮತ್ತೆ ಎಂಜಿನ್ ಅಡಿಯ ತಟ್ಟೆಯಲ್ಲಿ. ಮೇ ತಿಂಗಳ ಬಿಸಿಲಿನಲ್ಲಿ ಜಾಲರಿ ಕಟ್ಟಿದರೆ ಹೈಡ್ರಾಲಿಕ್ ಎಣ್ಣೆ ಕಾದು ತೋಳು ಮಂದವಾಗುತ್ತದೆ, ಹಿಡಿದ ಹೊರೆ ನಿಧಾನಕ್ಕೆ ತಾನೇ ಇಳಿಯತೊಡಗುತ್ತದೆ. ಅಡಿಯ ತಟ್ಟೆಯ ಒಣ ಎಲೆಗೆ ಎಣ್ಣೆ ಸೋರಿ, ಸೈಲೆನ್ಸರ್ ಕಾವು ತಾಗಿದರೆ ಬೆಂಕಿ ಹೊತ್ತುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಗಾಳಿ ಊದಿಸಿ. ಸಂಜೆ ತಟ್ಟೆ ಬಿಚ್ಚಿ ಕಸ ತೆಗೆಯದೆ ಯಂತ್ರವನ್ನು ಶೆಡ್ಡಿಗೆ ಹಾಕಬೇಡಿ, ಒಳಗೆ ಉಳಿದ ಕಿಡಿ ರಾತ್ರಿ ಹೊತ್ತುವುದುಂಟು. ಬೆಂಕಿ ಆರಿಸುವ ಸಿಲಿಂಡರ್ ಕ್ಯಾಬಿನ್ನಿನಲ್ಲೇ ಇರಲಿ.

ತೋಳಿನ ಪಿನ್ನುಗಳಿಗೆ ಗ್ರೀಸ್ ಹಾಕುವಾಗ ಹಳೆಯ ಗ್ರೀಸ್ ಪೂರ್ತಿ ಹೊರಬರುವವರೆಗೆ ತುಂಬಿ, ಹೊರಬಂದದ್ದನ್ನು ಅರಿವೆಯಿಂದ ಒರೆಸಿ. ಹೊಟ್ಟು ಬೆರೆತ ಗ್ರೀಸ್ ಪಿನ್ನನ್ನು ಉಜ್ಜಿ ಸವೆಸುತ್ತದೆ. ಸಡಿಲಾದ ಪಿನ್ ಇರುವ ತೋಳು ದಿಮ್ಮಿ ಹೊತ್ತಾಗ ಎಡಬಲ ಅಲುಗುತ್ತದೆ, ಅಂಥ ಯಂತ್ರಕ್ಕೆ 450 ಕೂಡ ಹೆಚ್ಚು, ಬುಷ್ ಬದಲಿಸುವವರೆಗೆ 300ರೊಳಗೇ ನಿಲ್ಲಿಸಿ.